ಕಾಲೇಜು ಪತ್ರಿಕೆಗೆ ಬರೆದ ಹಳೇ ಕಾರ್ಟೂನ್ ಸ್ಟ್ರಿಪ್‌ಗಳನ್ನು ಇಟ್ಟುಕೊಳ್ಳಬೇಕಾ, ಬಿಸಾಡಬೇಕಾ?

ಮೆಟ್ಟಿಲಬೆಕ್ಕು:

ಎಲ್ಲರಿಗೂ ನಮಸ್ಕಾರ. ನಾನು ಮಂಗಳೂರು ಕಡೆಯವಳು, ಪತ್ರಿಕೋದ್ಯಮ ಎಂ.ಎ. ಎರಡನೇ ವರ್ಷದಲ್ಲಿದ್ದೇನೆ. ನಮ್ಮ ವಿಭಾಗದಿಂದ ಹದಿನೈದು ದಿನಕ್ಕೊಮ್ಮೆ ಒಂದು ಪ್ರಾಯೋಗಿಕ ಪತ್ರಿಕೆ ಬರುತ್ತದೆ. ಅದರ ಕೊನೆಯ ಪುಟದಲ್ಲಿ ನಾನು ಮೂರು ಚೌಕದ ಒಂದು ಕಾರ್ಟೂನ್ ಸ್ಟ್ರಿಪ್ ಬರೆಯುತ್ತೇನೆ. ವಿಭಾಗದ ಮೆಟ್ಟಿಲ ಮೇಲೆ ಕೂತ ಒಬ್ಬ ಹುಡುಗಿ, ಪಕ್ಕದಲ್ಲಿ ಒಂದು ಬೆಕ್ಕು. ಇಲ್ಲಿಯವರೆಗೆ 26 ಆಗಿವೆ.

ಬೀಳ್ಕೊಡುಗೆ ದಿನ ಇವನ್ನೆಲ್ಲ ಸೇರಿಸಿ ಒಂದು ಪುಟ್ಟ ಪುಸ್ತಕ ಮಾಡೋಣ ಅಂತ ನಮ್ಮ ಸರ್ ಹೇಳಿದ್ದಾರೆ. ಖುಷಿಯಾಯಿತು. ಮನೆಗೆ ಬಂದು ಮೊದಲ ವರ್ಷದ ಸಂಚಿಕೆಗಳನ್ನು ತೆಗೆದು ನೋಡಿದೆ. ಖುಷಿ ಅಲ್ಲೇ ಇಳಿದುಹೋಯಿತು. ಹುಡುಗಿಯ ಮುಖ ಒಂದು ಚೌಕದಲ್ಲಿ ಇದ್ದ ಹಾಗೆ ಇನ್ನೊಂದರಲ್ಲಿ ಇಲ್ಲ. ಕೈಬೆರಳು ಬರೆಯಲು ಬಾರದೆ ಎಲ್ಲ ಕಡೆ ಕೈಯನ್ನು ಬ್ಯಾಗಿನ ಹಿಂದೆ ಬಚ್ಚಿಟ್ಟಿದ್ದೇನೆ. ಮಾತು ಜಾಸ್ತಿ, ಚಿತ್ರ ಕಡಿಮೆ. ಮೊದಲ ಹನ್ನೆರಡನ್ನು ಬಿಟ್ಟೇಬಿಡೋಣ, ಇಲ್ಲದಿದ್ದರೆ ಹೊಸದಾಗಿ ಬರೆಯೋಣ ಅನ್ನಿಸುತ್ತಿದೆ.

ಇಲ್ಲಿ ಕಾಲೇಜು ದಿನಗಳಲ್ಲಿ ಸ್ಟ್ರಿಪ್ ಬರೆದವರು, ಮುಂದೆ ಅದನ್ನೇ ವೃತ್ತಿ ಮಾಡಿಕೊಂಡವರು ಇದ್ದೀರಿ ಅಲ್ವಾ? ಈಗ ಹಿಂದಿರುಗಿ ನೋಡಿದರೆ ನಿಮಗೆ ಅವುಗಳಲ್ಲಿ ಏನು ಕಾಣುತ್ತದೆ? ನೀವು ಏನು ಮಾಡಿದಿರಿ?

ಇನ್ನೊಂದು ಸಣ್ಣ ಪ್ರಶ್ನೆ. ನಾನು ಟ್ಯಾಬ್‌ನಲ್ಲಿ ಬರೆಯುತ್ತೇನೆ. ಮಾತನ್ನು ಪುಟ ಮಾಡುವಾಗ ಟೈಪ್ ಮಾಡುತ್ತೇವೆ. ಆಗ ಒತ್ತಕ್ಷರಗಳು ಒಡೆದು ಬರುತ್ತವೆ. ಏನು ಮಾಡಬೇಕು?

ಪುಟವಿನ್ಯಾಸ:

ಎರಡನೇ ಪ್ರಶ್ನೆಗೆ ನನ್ನ ಉತ್ತರ. ನೀವು ಇನ್‌ಡಿಸೈನ್‌ನಲ್ಲಿ ಪುಟ ಮಾಡುತ್ತಿದ್ದರೆ ಪ್ಯಾರಾಗ್ರಾಫ್ ಪ್ಯಾನೆಲ್‌ಗೆ ಹೋಗಿ 'ವರ್ಲ್ಡ್ ರೆಡಿ ಕಂಪೋಸರ್' ಆಯ್ಕೆ ಮಾಡಿ. ಯೂನಿಕೋಡ್ ಕನ್ನಡ ಒಡೆಯುವುದು ಹೆಚ್ಚಾಗಿ ಅದು ಆನ್ ಇಲ್ಲದೇ ಇರುವುದರಿಂದ. ಹಳೆಯ ಪೇಜ್‌ಮೇಕರ್ ಆದರೆ ಯೂನಿಕೋಡ್ ನಡೆಯುವುದೇ ಇಲ್ಲ, ನುಡಿ ತಂತ್ರಾಂಶದ ಹಳೇ ಫಾಂಟ್‌ಗೆ ಬದಲಿಸಿಕೊಂಡೇ ಹಾಕಬೇಕು.

ಆದರೆ ಒಂದು ಮಾತು. ಟ್ಯಾಬ್ ಕೈಯಲ್ಲೇ ಇದೆಯಲ್ಲ, ಮಾತನ್ನೂ ಕೈಯಲ್ಲೇ ಬರೆಯಿರಿ. ಸ್ಟ್ರಿಪ್‌ನಲ್ಲಿ ಟೈಪ್ ಮಾಡಿದ ಅಕ್ಷರ ಚಿತ್ರದ ಮೇಲೆ ಅಂಟಿಸಿದ ಚೀಟಿಯ ಹಾಗೆ ಕಾಣುತ್ತದೆ. ಬರೆದವರ ಗೆರೆಯೇ ಅಕ್ಷರದಲ್ಲೂ ಇದ್ದರೆ ಎರಡೂ ಒಂದಾಗುತ್ತವೆ.

ಮೊದಲ ಪ್ರಶ್ನೆಗೆ ಇಲ್ಲಿ ಉತ್ತರ ಹೇಳಬೇಕಾದವರು ಒಬ್ಬರಿದ್ದಾರೆ. ಬರುತ್ತಾರೆ ನೋಡಿ.

ಮಸಿಕುಡಿಕೆ:

ನಿಮ್ಮ ಪ್ರಶ್ನೆ ಓದಿ ಅಟ್ಟದ ಮೇಲಿದ್ದ ಟ್ರಂಕ್ ಇಳಿಸಿದೆ. ಅದಕ್ಕೇ ಉತ್ತರ ಎರಡು ದಿನ ತಡವಾಯಿತು.

ನನಗೀಗ 57. ಪತ್ರಿಕೆಗಳಿಗೆ ಕಾರ್ಟೂನ್ ಬರೆಯಲು ಶುರು ಮಾಡಿ ಮೂವತ್ತು ವರ್ಷದ ಮೇಲಾಯಿತು. ಆದರೆ ನಾನು ಕೈ ತಿದ್ದಿಕೊಂಡಿದ್ದು ಅದಕ್ಕೂ ಮೊದಲು. 1986ರಿಂದ 1989ರವರೆಗೆ, ಮೈಸೂರಿನ ಒಂದು ಹಾಸ್ಟೆಲ್ಲಿನಲ್ಲಿ ಬಿ.ಎ. ಓದುವಾಗ. ಹುಡುಗರೇ ಸೇರಿ ತಿಂಗಳಿಗೆ ಎರಡು ಸಲ ಪತ್ರಿಕೆ ತರುತ್ತಿದ್ದೆವು. ಫುಲ್‌ಸ್ಕೇಪ್ ಹಾಳೆ, ನಾಲ್ಕು ಪುಟ, ಬೆಲೆ 25 ಪೈಸೆ. ಪ್ರೆಸ್ಸಿಗೆ ಕೊಡುವಷ್ಟು ದುಡ್ಡಿರಲಿಲ್ಲ. ಚಿತ್ರಕ್ಕೆ ಸತುವಿನ ಬ್ಲಾಕ್ ಮಾಡಿಸಬೇಕಿತ್ತು, ಅದಂತೂ ದೂರದ ಮಾತು. ಹಾಗಾಗಿ ಸೈಕ್ಲೋಸ್ಟೈಲ್.

ಕೊನೆಯ ಪುಟದ ಕೆಳಗೆ ನನ್ನ ಸ್ಟ್ರಿಪ್. ಹೆಸರು 'ಹಾಸ್ಟೆಲ್ ಸಾರು'. ಒಬ್ಬ ಉದ್ದ ಹುಡುಗ, ಒಬ್ಬ ಗಿಡ್ಡ ಹುಡುಗ, ನಾಲ್ಕು ಚೌಕ. ಒಟ್ಟು 44 ಬರೆದೆ. ಟ್ರಂಕಿನಲ್ಲಿ 31 ಸಿಕ್ಕವು.

ಈಗಿನವರಿಗೆ ಸೈಕ್ಲೋಸ್ಟೈಲ್ ಗೊತ್ತಿರಲಿಕ್ಕಿಲ್ಲ, ಸ್ವಲ್ಪ ಹೇಳುತ್ತೇನೆ. ನನ್ನ ಕಥೆಯೆಲ್ಲ ಅದರಲ್ಲೇ ಇದೆ. ಸ್ಟೆನ್ಸಿಲ್ ಅಂದರೆ ಮೇಣ ಸವರಿದ ತೆಳು ಕಾಗದ. ಚೂಪು ತುದಿಯ ಕಡ್ಡಿಯಿಂದ, ನಾವು ಸ್ಟೈಲಸ್ ಅನ್ನುತ್ತಿದ್ದೆವು, ಅದರ ಮೇಲೆ ಬರೆಯಬೇಕು. ಬರೆದ ಕಡೆ ಮೇಣ ಸರಿಯುತ್ತದೆ. ಅದನ್ನು ಮೆಷಿನ್ನಿನ ಉರುಳೆಗೆ ಸುತ್ತಿ ಹಿಡಿ ತಿರುಗಿಸಿದರೆ, ಮೇಣ ಸರಿದ ಜಾಗದಿಂದ ಮಸಿ ಇಳಿದು ಹಾಳೆಗೆ ಅಂಟುತ್ತದೆ. ಕೇಳಲು ಸುಲಭ. ಆದರೆ ಮೆಲ್ಲಗೆ ಬರೆದರೆ ಗೆರೆ ಮೂಡುವುದಿಲ್ಲ, ಒತ್ತಿ ಬರೆದರೆ ಕಾಗದವೇ ಹರಿಯುತ್ತದೆ. ಕಪ್ಪು ತುಂಬಿದರೆ ಅಷ್ಟು ಜಾಗವೂ ಕಿತ್ತುಬರುತ್ತದೆ. ಒಂದು ಸ್ಟೆನ್ಸಿಲ್ ಹಾಳಾದರೆ ಎರಡು ಊಟದ ದುಡ್ಡು ಹೋದ ಹಾಗೆ. ಕೆಂಪು ಬಣ್ಣದ ಕರೆಕ್ಷನ್ ಫ್ಲೂಯಿಡ್ ಇತ್ತು, ನಿಜ. ಅದು ಒಂದು ಅಕ್ಷರ ತಿದ್ದಲು ಸಾಕು, ಹರಿದ ಮುಖ ತಿದ್ದಲು ಸಾಲದು.

ಟೇಬಲ್ ಲ್ಯಾಂಪನ್ನು ನೆಲದ ಮೇಲಿಟ್ಟು, ಎರಡು ಕಡೆ ಪುಸ್ತಕ ಪೇರಿಸಿ, ಮೇಲೆ ಕಿಟಕಿ ಗಾಜಿನ ಒಂದು ತುಂಡು ಇಡುತ್ತಿದ್ದೆ. ಗಾಜಿನ ಮೇಲೆ ಪೆನ್ಸಿಲ್ ಚಿತ್ರ, ಅದರ ಮೇಲೆ ಸ್ಟೆನ್ಸಿಲ್. ಕೆಳಗಿನ ಬೆಳಕಿಗೆ ಪೆನ್ಸಿಲ್ ಗೆರೆ ಕಾಣುತ್ತಿತ್ತು. ರಾತ್ರಿ ಹನ್ನೊಂದಕ್ಕೆ ಕೂತರೆ ನಾಲ್ಕು ಚೌಕ ಮುಗಿಯುವಾಗ ಒಂದೂವರೆ.

ಆಗ ನನ್ನ ತಲೆಯಲ್ಲಿ ತುಂಬಿದ್ದವರು ಆರ್.ಕೆ. ಲಕ್ಷ್ಮಣ್. ನಮ್ಮ ಊರಿನವರು, ಮೈಸೂರಲ್ಲೇ ಹುಟ್ಟಿ ಬೆಳೆದವರು, ಮಹಾರಾಜಾ ಕಾಲೇಜಿನಲ್ಲಿ ಓದಿದವರು. ಓದುವ ದಿನಗಳಲ್ಲೇ 'ಕೊರವಂಜಿ'ಗೆ ಚಿತ್ರ ಬರೆಯುತ್ತಿದ್ದರು. ಡಾಕ್ಟರ್ ಎಂ. ಶಿವರಾಂ, ಅಂದರೆ ರಾಶಿ ಅವರು 1942ರಲ್ಲಿ ಶುರು ಮಾಡಿದ ಹಾಸ್ಯಪತ್ರಿಕೆ ಅದು. ಲೈಬ್ರರಿಯಲ್ಲಿ ಅದರ ಹಳೇ ಸಂಚಿಕೆಗಳನ್ನು ಹೊಲಿದು ರಟ್ಟು ಹಾಕಿಟ್ಟಿದ್ದರು. ಮಧ್ಯಾಹ್ನವೆಲ್ಲ ಅಲ್ಲೇ ಇರುತ್ತಿದ್ದೆ. ನನ್ನ ವಯಸ್ಸಿನ ಒಬ್ಬ ಹುಡುಗ ಇದೇ ಊರಿನ ರಸ್ತೆಗಳಲ್ಲಿ ತಿರುಗಾಡಿ ಇಂಥ ಗೆರೆ ಎಳೆದನಲ್ಲ ಅಂತ ಮೈ ಜುಮ್ಮೆನ್ನುತ್ತಿತ್ತು. ಆ ದಿನಗಳಲ್ಲೇ ದೂರದರ್ಶನದಲ್ಲಿ ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಬಂತು. ಹಾಸ್ಟೆಲ್ಲಿನ ಕಪ್ಪು ಬಿಳುಪು ಟೀವಿ ಮುಂದೆ ಎಲ್ಲರೂ ಕಥೆಗೆ ಕಾಯುತ್ತಿದ್ದರೆ, ನಾನು ಕಾಯುತ್ತಿದ್ದುದು ಶುರುವಿನಲ್ಲಿ ಬರುವ ಲಕ್ಷ್ಮಣರ ಚಿತ್ರಗಳಿಗೆ.

ಹಾಗಾಗಿ ನನ್ನ ಮೊದಲ ಮೂರು ಸ್ಟ್ರಿಪ್ ಪೂರ್ತಿ ಲಕ್ಷ್ಮಣ್. ಉದ್ದ ಹುಡುಗನಿಗೆ, ಹತ್ತೊಂಬತ್ತು ವರ್ಷದ ಹಾಸ್ಟೆಲ್ ಹುಡುಗನಿಗೆ, ಚೌಕಳಿ ಕೋಟು ತೊಡಿಸಿದ್ದೇನೆ. ಅವರ ಕಾರ್ಟೂನುಗಳಲ್ಲಿ ಬರುವ 'ಶ್ರೀಸಾಮಾನ್ಯ' ಪಾತ್ರದ ಕೋಟು ಅದು. ಮೂರನೆಯ ಸ್ಟ್ರಿಪ್‌ನಲ್ಲಿ ಏನಾಯಿತು ಗೊತ್ತಾ? ಚೌಕಳಿ ಬರೆಯಲು ಅಡ್ಡ ಗೆರೆ, ಉದ್ದ ಗೆರೆ ಎಳೆದೆನಲ್ಲ, ಗೆರೆಗಳು ಒಂದನ್ನೊಂದು ದಾಟಿದ ಕಡೆಯೆಲ್ಲ ಸ್ಟೆನ್ಸಿಲ್ ಸಣ್ಣ ಸಣ್ಣ ಚೌಕವಾಗಿ ಕತ್ತರಿಸಿಹೋಯಿತು. ಮೆಷಿನ್ನಿಗೆ ಹಾಕಿದಾಗ ಇಡೀ ಕೋಟು ಒಂದು ಮಸಿಯ ಮುದ್ದೆ. ಹಿಡಿ ತಿರುಗಿಸುತ್ತಿದ್ದ ಕಚೇರಿಯ ಅಟೆಂಡರ್ ನಿಲ್ಲಿಸಿ ಹೇಳಿದರು, "ಅಪ್ಪಾ, ಇವನಿಗೆ ಕೋಟು ಬಿಚ್ಚಿಸು. ಬನಿಯನ್ ಸಾಕು."

ನಾಲ್ಕನೆಯದರಿಂದ ಅವನು ಬನಿಯನ್, ಪಂಚೆಯಲ್ಲಿ ಬಂದ. ಬನಿಯನ್ನಿಗೆ ಮೂರು ಗೆರೆ, ಪಂಚೆಗೆ ನಾಲ್ಕು. ಅಂದರೆ ನಮ್ಮ ಹಾಸ್ಟೆಲ್ಲಿನ ಹುಡುಗರು ನಿಜಕ್ಕೂ ಇದ್ದ ಹಾಗೆ. ಈಗ 31ನ್ನೂ ನೆಲದ ಮೇಲೆ ಹರಡಿ ನೋಡಿದರೆ ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಒಂದು ಗೋಡೆಯೇ ಇದೆ. ಆ ಕಡೆ ಇರುವುದು ಲಕ್ಷ್ಮಣರ ನೆರಳು. ಈ ಕಡೆ ನಾನು. ಆಗ ನನಗೆ ಅದು ಗೊತ್ತಿರಲಿಲ್ಲ, ಕೋಟು ಹೋಯಿತಲ್ಲ ಅಂತ ಅತ್ತಷ್ಟು ಬೇಜಾರಾಗಿತ್ತು. ಮೊದಲ ಮೂರನ್ನು ಬಿಸಾಡಿದ್ದರೆ ಈ ಗೋಡೆ ಇವತ್ತು ಕಾಣುತ್ತಿರಲಿಲ್ಲ.

ಕಣ್ಣಿನ ಕಥೆಯೂ ಹಾಗೇ. ಮೊದಲು ದುಂಡು ಕಣ್ಣು ಬರೆಯುತ್ತಿದ್ದೆ. ಸ್ಟೆನ್ಸಿಲ್ ಮೇಲೆ ಪೂರ್ತಿ ವೃತ್ತ ಎಳೆದರೆ ನಡುವಿನ ಚೂರು ಉದುರಿಬಿಡುತ್ತದೆ. ಕಣ್ಣಿನ ಜಾಗದಲ್ಲಿ ದೊಡ್ಡ ಕಪ್ಪು ತೂತು. ಅದಕ್ಕೇ ಬರೀ ಚುಕ್ಕಿ ಇಟ್ಟೆ. ಈಗಲೂ ನಾನು ಬರೆಯುವ ಎಲ್ಲ ಜನಕ್ಕೂ ಚುಕ್ಕಿ ಕಣ್ಣೇ. ಮಂತ್ರಿಯಾಗಲಿ, ಮುದುಕಿಯಾಗಲಿ.

ಅಕ್ಷರದ್ದು ಇನ್ನೂ ಕಷ್ಟ. ನಮ್ಮ ಕನ್ನಡದಲ್ಲಿ ಎಷ್ಟು ದುಂಡು ನೋಡಿ. ಅನುಸ್ವಾರವೇ ಒಂದು ಸೊನ್ನೆ. ಠ, ರ, ಥ, ಎಲ್ಲ ಸುತ್ತಿಕೊಂಡೇ ಇವೆ. ಪ್ರತಿಯೊಂದರ ಹೊಟ್ಟೆಯೂ ಉದುರುವ ಭಯ. ನಮ್ಮಲ್ಲಿ ದುಂಡಗೆ ಬರೆಯುವ ಒಬ್ಬ ಗೆಳೆಯನಿದ್ದ, ಇಡೀ ಪತ್ರಿಕೆಯನ್ನು ಅವನೇ ಸ್ಟೆನ್ಸಿಲ್ ಮೇಲೆ ಬರೆಯುತ್ತಿದ್ದ. ಅವನು ಒಂದು ಉಪಾಯ ಕಂಡುಕೊಂಡ. ಯಾವ ಸೊನ್ನೆಯನ್ನೂ ಪೂರ್ತಿ ಮುಚ್ಚಬಾರದು, ಮೇಲೆ ಕೂದಲೆಳೆಯಷ್ಟು ಬಿಡಬೇಕು. ಅವನನ್ನು ನೋಡಿ ನಾನೂ ಕಲಿತೆ. ಮೂವತ್ತೈದು ವರ್ಷದ ಮೇಲೆ ಈಗಲೂ ನನ್ನ ಅನುಸ್ವಾರ ಬಾಯಿ ತೆರೆದುಕೊಂಡೇ ಇರುತ್ತದೆ. ಓದುಗರು ಅದು ನನ್ನ ಶೈಲಿ ಅಂತಾರೆ. ಅದು ಸತ್ಯವೇ, ಆದರೆ ಹುಟ್ಟಿದ್ದು ಹಾಗೆ.

'ಪುಟವಿನ್ಯಾಸ' ಅವರು ಕೈಯಲ್ಲಿ ಬರೆಯಿರಿ ಅಂದರು, ನನ್ನದೂ ಅದೇ ಮಾತು. ಅದಕ್ಕೆ ಒಂದು ಸೇರಿಸುತ್ತೇನೆ. ಮೊದಲು ಮಾತು ಬರೆಯಿರಿ, ಆಮೇಲೆ ಅದರ ಸುತ್ತ ಬಲೂನು ಎಳೆಯಿರಿ. ನಾನು ಮೊದಲ ವರ್ಷವಿಡೀ ಬಲೂನು ಮೊದಲು ಎಳೆದು ಮಾತನ್ನು ಅದರೊಳಗೆ ತುರುಕಿದ್ದೇನೆ. ಇಂಗ್ಲಿಷ್ ಸ್ಟ್ರಿಪ್‌ಗಳಲ್ಲಿ ಹೆಚ್ಚಾಗಿ ದೊಡ್ಡಕ್ಷರ, ಸಾಲುಗಳನ್ನು ಹತ್ತಿರ ಇಡಬಹುದು. ನಮಗೆ ಮೇಲೆ ಗುಡಿಸು, ಕೆಳಗೆ ಒತ್ತು. 'ಸ್ವಾತಂತ್ರ್ಯ' ಅಂತ ಒಂದು ಪದ ಬಂದರೆ ಸಾಕು, ಕೆಳಗಿನ ಸಾಲಿನ ತಲೆಗೆ ಕಾಲು ತಗಲುತ್ತದೆ. ಸಾಲಿನ ನಡುವೆ ಒಂದು ಅಕ್ಷರದ ಅರ್ಧದಷ್ಟಾದರೂ ಜಾಗ ಬಿಡಿ. ಜಾಗ ಸಾಲದಿದ್ದರೆ ಅಕ್ಷರ ಚಿಕ್ಕದು ಮಾಡಬೇಡಿ, ಮಾತು ಕಡಿಮೆ ಮಾಡಿ. ನಿನ್ನೆ ಎಣಿಸಿ ನೋಡಿದೆ. ನನ್ನ ಮೊದಲ ಸ್ಟ್ರಿಪ್‌ನ ಕೊನೆಯ ಚೌಕದಲ್ಲಿ 38 ಪದ ಇವೆ. ಕೊನೆಯ ಸ್ಟ್ರಿಪ್‌ನ ನಾಲ್ಕೂ ಚೌಕ ಸೇರಿ 11.

ಇನ್ನು ಒಂದು ಸ್ಟ್ರಿಪ್ ಬಗ್ಗೆ ಹೇಳಲೇಬೇಕು. ಅದನ್ನು ನೋಡುವುದು ನನಗೆ ಈಗಲೂ ಕಷ್ಟ.

ಒಂಬತ್ತನೆಯದು. ಸಾರು ನೀರಾಗಿದೆ ಅಂತ ಹುಡುಗರೆಲ್ಲ ಗೊಣಗುತ್ತಿದ್ದರು. ನಾನು ಅಡುಗೆಯವರನ್ನು ಬರೆದೆ. ಅವರ ಹೊಟ್ಟೆ, ಅವರ ತೂತು ಬಿದ್ದ ಬನಿಯನ್, ಹೆಗಲ ಮೇಲಿನ ಟವೆಲು. ಅವರು ನಲ್ಲಿ ಕೆಳಗೇ ಸಾರಿನ ಹಂಡೆ ಇಟ್ಟು ನೀರು ಬಿಡುತ್ತಿರುವ ಚಿತ್ರ. ಚಿತ್ರ ಚೆನ್ನಾಗಿ ಬಂದಿತ್ತು. ಯಾರನ್ನು ಬರೆದಿದ್ದೇನೆ ಅಂತ ಕೇಳುವ ಹಾಗೇ ಇರಲಿಲ್ಲ. ಹುಡುಗರು ಅದನ್ನು ಊಟದ ಹಾಲಿನ ಗೋಡೆಗೆ ಅಂಟಿಸಿ ನಕ್ಕಿದ್ದೇ ನಕ್ಕಿದ್ದು. ನಾನು ಅಷ್ಟು ಹೊಗಳಿಕೆ ಕೇಳಿದ್ದು ಅದೇ ಮೊದಲು.

ಮಾರನೇ ದಿನ ಬೆಳಿಗ್ಗೆ ಅವರು ನನ್ನನ್ನು ಅಡುಗೆಮನೆಗೆ ಕರೆದರು. ಬೈಯಲಿಲ್ಲ. ಒಂದು ಅಗಲ ಪಾತ್ರೆ ತೋರಿಸಿದರು. ತಳದಲ್ಲಿ ತೊಗರಿಬೇಳೆ. "ನೂರಿಪ್ಪತ್ತು ಜನಕ್ಕೆ ಇವತ್ತು ನಾಲ್ಕು ಕೆಜಿ ಅಳೆದುಕೊಟ್ಟಿದ್ದಾರೆ. ಅಳೆಯೋನು ನಾನಲ್ಲ. ಇದರಲ್ಲಿ ನೀನು ಸಾರು ಮಾಡಿ ತೋರಿಸು, ನೋಡೋಣ" ಅಂದರು. ಆಮೇಲೆ ಒಂದೇ ಮಾತು, "ನನ್ನ ಮಗನೂ ನಿನ್ನ ಪೇಪರ್ ಓದ್ತಾನೆ ಕಣಪ್ಪ."

ನಾನು ಹೊರಗೆ ಬಂದು ಎಷ್ಟೋ ಹೊತ್ತು ಮೆಟ್ಟಿಲ ಮೇಲೆ ಕೂತಿದ್ದೆ. ಸ್ಟೋರ್ ರೂಮ್ ಅಡುಗೆಮನೆಯಿಂದ ಇಪ್ಪತ್ತು ಹೆಜ್ಜೆ. ಒಮ್ಮೆಯೂ ಹೋಗಿ ನೋಡಿರಲಿಲ್ಲ. ಯಾರನ್ನೂ ಏನೂ ಕೇಳಿರಲಿಲ್ಲ. ಕಣ್ಣಿಗೆ ಕಾಣುತ್ತಿದ್ದವರು ಅವರೊಬ್ಬರೇ, ಅದಕ್ಕೆ ಅವರನ್ನು ಬರೆದಿದ್ದೆ.

ಹತ್ತನೆಯ ಸ್ಟ್ರಿಪ್‌ನಲ್ಲಿ ಬರೀ ಒಂದು ತಕ್ಕಡಿ. ಬೇಳೆ ಅಳೆಯುವ ಒಂದು ಕೈ, ಮುಖ ಇಲ್ಲ. ನಾಲ್ಕು ಚೌಕದಲ್ಲೂ ಅದೇ ತಕ್ಕಡಿ, ಪ್ರತಿ ಚೌಕದಲ್ಲೂ ಕೈ ತಟ್ಟೆಯನ್ನು ಸ್ವಲ್ಪ ಸ್ವಲ್ಪ ಒತ್ತುತ್ತದೆ. ಮಾತೇ ಇಲ್ಲ. ಯಾರೂ ನಗಲಿಲ್ಲ. ಆದರೆ ಅದಾದ ಮೇಲೆ ಪತ್ರಿಕೆಯನ್ನು ಒಂದು ತಿಂಗಳು ನಿಲ್ಲಿಸಬೇಕಾಯಿತು, ನನ್ನನ್ನು ಮೂರು ಸಲ ಕರೆಸಿ ವಿಚಾರಿಸಿದರು. ಅದರಿಂದ ನಾನು ಹೆದರಿದ್ದೆ, ಸುಳ್ಳು ಹೇಳುವುದಿಲ್ಲ. ಆದರೆ ಒಂಬತ್ತನೆಯದನ್ನು ನೆನೆದಾಗ ಆಗುವ ನೋವು ಹತ್ತನೆಯದಕ್ಕೆ ಆಗುವುದಿಲ್ಲ. ಇವತ್ತಿಗೂ ಒಬ್ಬ ಪೊಲೀಸಿನವನನ್ನೋ, ಗುಮಾಸ್ತನನ್ನೋ ಬರೆಯಲು ಕೂತರೆ ಕೇಳಿಕೊಳ್ಳುತ್ತೇನೆ, ಇಲ್ಲಿ ಬೇಳೆ ಅಳೆಯೋರು ಯಾರು ಅಂತ.

ಇವೆರಡನ್ನೂ ಅಕ್ಕಪಕ್ಕ ಇಟ್ಟಿದ್ದೇನೆ. ಒಂಬತ್ತನೆಯದನ್ನು ಎಲ್ಲೂ ಮರುಮುದ್ರಣ ಮಾಡಿಲ್ಲ, ಮಾಡುವುದೂ ಇಲ್ಲ. ಇಟ್ಟುಕೊಳ್ಳುವುದು ಬೇರೆ, ಮತ್ತೆ ಅಚ್ಚು ಹಾಕುವುದು ಬೇರೆ. ನಿಮ್ಮ 26ರಲ್ಲಿ ಯಾರ ಮನಸ್ಸನ್ನಾದರೂ ಸುಮ್ಸುಮ್ನೆ ನೋಯಿಸಿದ್ದು ಇದ್ದರೆ ಅದನ್ನು ಪುಸ್ತಕದಿಂದ ಬಿಡಿ. ಕೈಬೆರಳು ಬಾರದ್ದಕ್ಕೆ ಬಿಡಬೇಡಿ.

ಹೊಸದಾಗಿ ಬರೆಯುವ ವಿಷಯ. ನಾನು ಅದನ್ನೂ ಮಾಡಿ ನೋಡಿದ್ದೇನೆ. ಕೆಲಸಕ್ಕೆ ಸೇರಿ ಕೆಲವು ವರ್ಷವಾದ ಮೇಲೆ, ಒಳ್ಳೆ ಬ್ರಷ್, ಒಳ್ಳೆ ಇಂಡಿಯನ್ ಇಂಕ್, ದಪ್ಪ ಐವರಿ ಕಾರ್ಡ್ ತಂದು ಹಳೆಯ ಆರು ಸ್ಟ್ರಿಪ್‌ಗಳನ್ನು ಮತ್ತೆ ಬರೆದೆ. ಗೆರೆ ಬಹಳ ಚೆನ್ನಾಗಿ ಬಂತು. ಆದರೆ ಗಿಡ್ಡ ಹುಡುಗ ಹಳೆಯದರಲ್ಲಿ ಗೋಡೆಗೆ ಒರಗಿ ನಿಂತಿರುತ್ತಿದ್ದ ಒಂದು ರೀತಿ ಇತ್ತು, ಎಲ್ಲ ಭಾರ ಒಂದೇ ಕಾಲಿನ ಮೇಲೆ, ಹಸಿವಾದವನ ಹಾಗೆ. ಹೊಸದರಲ್ಲಿ ಅವನು ಸರಿಯಾಗಿ, ನೆಟ್ಟಗೆ ನಿಂತುಬಿಟ್ಟ. ನನಗೆ ಆಗ ಹಸಿವಿರಲಿಲ್ಲವಲ್ಲ. ಆರನ್ನೂ ತೆಗೆದಿಟ್ಟೆ.

ಇನ್ನೊಂದು ಮುಖ್ಯ ವಿಷಯ ಮರೆಯುವ ಮೊದಲು ಹೇಳುತ್ತೇನೆ. ಪ್ರತಿ ಸ್ಟ್ರಿಪ್‌ನ ಹಿಂದೆ ಪೆನ್ಸಿಲ್ಲಿನಲ್ಲಿ ತಾರೀಕು ಬರೆದು, ಆ ತಮಾಷೆ ಯಾಕೆ ಅಂತ ಎರಡು ಸಾಲು ಬರೆದಿಡಿ. ನನ್ನ 22ನೆಯದರಲ್ಲಿ ಉದ್ದ ಹುಡುಗ ಮಂಚದ ಕೆಳಗಿಂದ ಬಕೆಟ್ ಎಳೆದು "ಏಳನೇ ನಂಬರ್!" ಅಂತ ಕೂಗುತ್ತಾನೆ, ಉಳಿದವರೆಲ್ಲ ಓಡುತ್ತಾರೆ. ಬರೆದ ನನಗೇ ಅದು ಏನೆಂದು ನೆನಪಿಲ್ಲ. ಮೊನ್ನೆ ರಾತ್ರಿ ಹಳೇ ರೂಮ್‌ಮೇಟ್‌ಗೆ ಫೋನ್ ಮಾಡಿ ಓದಿ ಹೇಳಿದೆ. ಅವನು ಒಂದು ಕ್ಷಣವೂ ಯೋಚಿಸಲಿಲ್ಲ. "ಲೋ, ಬೇಸಿಗೆಯಲ್ಲಿ ನೀರು ಬರ್ತಿದ್ದ ಬಚ್ಚಲು ಅದೊಂದೇ ಅಲ್ವೇನೋ!" ಅಂದ. ಆಮೇಲೆ ಒಂದು ಗಂಟೆ ಮಾತಾಡಿದೆವು. ಅವನಿಗೆ ಮರೆತುಹೋಗಿದ್ದರೆ ಆ ಸ್ಟ್ರಿಪ್ ಸತ್ತ ಹಾಗೇ ಆಗುತ್ತಿತ್ತು.

ಕಾಗದದ ಪ್ರತಿಗಳನ್ನು ಮಡಚಬೇಡಿ, ನನ್ನವು ಮಡಿಕೆಯಲ್ಲೇ ಮುರಿದಿವೆ. ಸೆಲ್ಲೋ ಟೇಪ್ ಹಾಕಲೇಬೇಡಿ, ಹತ್ತು ವರ್ಷಕ್ಕೆ ಹಳದಿಯಾಗಿ ಕಾಗದವನ್ನೂ ತಿನ್ನುತ್ತದೆ. ಲ್ಯಾಮಿನೇಷನ್ನೂ ಬೇಡ. ಸ್ಕ್ಯಾನ್ ಮಾಡುವಾಗ 600 ಡಿಪಿಐ ಇಡಿ.

ಈಗ ನನ್ನದೊಂದು ಪ್ರಶ್ನೆ. ನಿಮ್ಮ ಬೆಕ್ಕು ಮೊದಲ ಸ್ಟ್ರಿಪ್‌ನಿಂದಲೇ ಇತ್ತಾ, ಆಮೇಲೆ ಬಂತಾ?

ಕೊಲಂಬಸ್ ಕನ್ನಡಿಗ:

ಮೇಲಿನ ಉತ್ತರವನ್ನು ಎರಡು ಸಲ ಓದಿದೆ, ಸರ್. ತಕ್ಕಡಿಯ ಸ್ಟ್ರಿಪ್ ಕಣ್ಣಿಗೆ ಕಟ್ಟಿತು.

ನಾನು ಇರುವುದು ಅಮೆರಿಕದ ಓಹಾಯೋದಲ್ಲಿ. ಇಲ್ಲಿನ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಬಿಲ್ಲಿ ಐರ್ಲೆಂಡ್ ಕಾರ್ಟೂನ್ ಲೈಬ್ರರಿ ಮತ್ತು ಮ್ಯೂಸಿಯಂ ಇದೆ. 1977ರಲ್ಲಿ ಪತ್ರಿಕೋದ್ಯಮ ವಿಭಾಗದ ಕಟ್ಟಡದ ಎರಡು ಕ್ಲಾಸ್‌ರೂಮಿನಲ್ಲಿ ಶುರುವಾಗಿದ್ದು. ಇಲ್ಲೇ ಓದಿದ ಮಿಲ್ಟನ್ ಕ್ಯಾನಿಫ್ ಅನ್ನುವ ಕಾರ್ಟೂನಿಸ್ಟ್ ತಮ್ಮ ಚಿತ್ರ, ಕಾಗದಪತ್ರಗಳನ್ನು ಕೊಟ್ಟಿದ್ದರಿಂದ ಹುಟ್ಟಿಕೊಂಡಿದ್ದು. ಈಗ ದೊಡ್ಡ ಕಟ್ಟಡ, ಪ್ರವೇಶಕ್ಕೆ ದುಡ್ಡಿಲ್ಲ. ಮಗಳನ್ನು ಕರೆದುಕೊಂಡು ಆಗಾಗ ಹೋಗುತ್ತೇನೆ.

ಇದೇ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆ 'ದಿ ಲ್ಯಾಂಟರ್ನ್'ನಲ್ಲಿ 1982ರಿಂದ ಜೆಫ್ ಸ್ಮಿತ್ ಅನ್ನುವ ಹುಡುಗ 'ಥಾರ್ನ್' ಅಂತ ಸ್ಟ್ರಿಪ್ ಬರೆಯುತ್ತಿದ್ದ. ಅದೇ ಪಾತ್ರಗಳನ್ನು ಇಟ್ಟುಕೊಂಡು 1991ರಿಂದ 'ಬೋನ್' ಅಂತ ಕಾಮಿಕ್ಸ್ ತಂದರು. ಕಾಲೇಜು ಸ್ಟ್ರಿಪ್‌ನ ಎಷ್ಟೋ ಪ್ರಸಂಗಗಳು ಅದರಲ್ಲಿ ಮತ್ತೆ ಬರುತ್ತವೆ. ನನ್ನ ಮಗಳಿಗೆ ಪ್ರಾಣ ಅದು. ಅವರು ಆ ಸ್ಟ್ರಿಪ್‌ಗಳನ್ನು ಬಿಸಾಡಿದ್ದರೆ ಅಂತ ಯೋಚಿಸಿ ನೋಡಿ.

ಇನ್ನೊಂದು ನನಗೆ ಬಹಳ ಇಷ್ಟ. 1968ರಲ್ಲಿ ಗ್ಯಾರಿ ಟ್ರೂಡೋ ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿ ಪತ್ರಿಕೆಗೆ 'ಬುಲ್ ಟೇಲ್ಸ್' ಅಂತ ಸ್ಟ್ರಿಪ್ ಶುರು ಮಾಡಿದರು. ಅದರಲ್ಲಿ ಬಿ.ಡಿ. ಅಂತ ಒಬ್ಬ ಅಮೆರಿಕನ್ ಫುಟ್‌ಬಾಲ್ ಆಟಗಾರ, ಯಾವಾಗಲೂ ತಲೆಗೆ ಹೆಲ್ಮೆಟ್. ಚಿತ್ರ ಒರಟೊರಟು. ಎರಡು ವರ್ಷಕ್ಕೆ ಅದೇ ಸ್ಟ್ರಿಪ್ 'ಡೂನ್ಸ್‌ಬರಿ' ಆಗಿ ದೊಡ್ಡ ಪತ್ರಿಕೆಗಳಿಗೆ ಹೋಯಿತು, 1975ರಲ್ಲಿ ಪುಲಿಟ್ಜರ್ ಪ್ರಶಸ್ತಿ ಬಂತು. ಬಿ.ಡಿ. ಹೆಲ್ಮೆಟ್ ಮಾತ್ರ ತೆಗೆಯಲಿಲ್ಲ. 2004ರಲ್ಲಿ, ಇರಾಕ್ ಯುದ್ಧದಲ್ಲಿ ಅವನು ಒಂದು ಕಾಲು ಕಳೆದುಕೊಂಡಾಗ, ಓದುಗರು ಅವನ ಬರೀ ತಲೆಯನ್ನು ಮೊದಲ ಸಲ ನೋಡಿದರು. ಕಾಲು ಹೋದದ್ದಕ್ಕಿಂತ ಆ ಕೂದಲು ಕಂಡದ್ದೇ ನನಗೆ ಹೆಚ್ಚು ತಟ್ಟಿತು. ಕಾಲೇಜು ಹುಡುಗ ತಮಾಷೆಗೆ ಇಟ್ಟ ಹೆಲ್ಮೆಟ್ 36 ವರ್ಷದ ಮೇಲೆ ಅಂಥ ಕೆಲಸ ಮಾಡಿತು.

ನಿಮ್ಮ ಹುಡುಗಿ ಬ್ಯಾಗಿನ ಹಿಂದೆ ಕೈ ಬಚ್ಚಿಡುತ್ತಾಳೆ ಅಂದಿರಲ್ಲ, ಅದನ್ನು ಓದಿದಾಗ ನನಗೆ ಈ ಹೆಲ್ಮೆಟ್ ನೆನಪಾಯಿತು.

ಮೆಟ್ಟಿಲಬೆಕ್ಕು:

ಎಲ್ಲರಿಗೂ ಥ್ಯಾಂಕ್ಸ್. ಇಷ್ಟು ಬರೆಯುತ್ತೀರಿ ಅಂದುಕೊಂಡಿರಲಿಲ್ಲ.

ಮಸಿಕುಡಿಕೆ ಸರ್, ನೀವು ಕೇಳಿದ ಮೇಲೆ ಹೋಗಿ ನೋಡಿದೆ. ಬೆಕ್ಕು ಮೊದಲ ಎಂಟರಲ್ಲಿ ಇಲ್ಲ. ಒಂಬತ್ತನೆಯದರಲ್ಲಿ ಬಂದಿದೆ. ಅವತ್ತು ಮಳೆಗಾಲ, ಪುಟ ರಾತ್ರಿ ಎಂಟಕ್ಕೆ ಹೋಗಬೇಕಿತ್ತು. ಕರೆಂಟ್ ಇರಲಿಲ್ಲ, ಟ್ಯಾಬ್‌ನಲ್ಲಿ ಹತ್ತು ಪರ್ಸೆಂಟ್ ಚಾರ್ಜ್. ಮೂರನೇ ಚೌಕದಲ್ಲಿ ಬಲಗಡೆ ಖಾಲಿ ಉಳಿದಿತ್ತು. ಹುಡುಗಿಯನ್ನು ಜರುಗಿಸಿ ಮತ್ತೆ ಬರೆಯಲು ಸಮಯ ಇರಲಿಲ್ಲ. ವಿಭಾಗದ ಮೆಟ್ಟಿಲ ಮೇಲೆ ನಿಜವಾಗಲೂ ಒಂದು ಬೆಕ್ಕು ಮಲಗುತ್ತದೆ, ಅದನ್ನೇ ಐದು ಗೆರೆಯಲ್ಲಿ ಹಾಕಿದೆ. ಮುಂದಿನ ಸಂಚಿಕೆಗೆ ಬೆಕ್ಕು ಇಲ್ಲದಿದ್ದಾಗ ಜೂನಿಯರ್‌ಗಳು "ಬೆಕ್ಕೆಲ್ಲಿ ಅಕ್ಕಾ?" ಅಂತ ಕೇಳಿದರು. ಆವತ್ತಿನಿಂದ ಅದು ಹೋಗಿಲ್ಲ. ಇದೆಲ್ಲ ನನಗೆ ಮರೆತೇಹೋಗಿತ್ತು. ಈಗ ಹಿಂದೆ ಬರೆದಿಡುತ್ತಿದ್ದೇನೆ.

ಯಾರನ್ನಾದರೂ ನೋಯಿಸಿದ್ದು ಇದೆಯಾ ಅಂತಲೂ ನೋಡಿದೆ. ಒಂದಿದೆ. ಹಳ್ಳಿಯಿಂದ ಬರುವ ಒಬ್ಬ ಸಹಪಾಠಿಯ ಇಂಗ್ಲಿಷ್ ಬಗ್ಗೆ. ಹೆಸರು ಹಾಕಿಲ್ಲ, ಆದರೆ ಎಲ್ಲರಿಗೂ ಗೊತ್ತಾಗಿತ್ತು. ನಿನ್ನೆ ಅವಳಿಗೆ ಫೋನ್ ಮಾಡಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಕೇಳ್ತೀಯ ಅಂತ ಎರಡು ವರ್ಷ ಕಾದೆ" ಅಂದಳು. ಅದು ಪುಸ್ತಕದಲ್ಲಿ ಇರುವುದಿಲ್ಲ. ಆ ಜಾಗಕ್ಕೆ ಹೊಸದೊಂದನ್ನು ಬರೆಯುತ್ತೇನೆ, ಏನು ಬರೆಯಬೇಕು ಅಂತ ಅವಳ ಹತ್ತಿರವೇ ಕೂತು ಮಾತಾಡುತ್ತೇನೆ.

ಉಳಿದ 25 ಇದ್ದ ಹಾಗೇ ಹೋಗುತ್ತವೆ, ತಾರೀಕಿನ ಪ್ರಕಾರ. ಬ್ಯಾಗಿನ ಹಿಂದಿನ ಕೈ ಸಮೇತ.

ಸರ್, ಒಂದೇ ಒಂದು ಕೇಳಲಾ? ಟ್ಯಾಬ್‌ನಲ್ಲಿ ಎಷ್ಟು ಸಲ ಬೇಕಾದರೂ ಅಳಿಸಬಹುದು. ನಿಮ್ಮ ಹಾಗೆ ಗೆರೆ ಕಲಿಯಲು ನನಗೆ ಸ್ಟೆನ್ಸಿಲ್ ಇಲ್ಲವಲ್ಲ, ಏನು ಮಾಡಲಿ?

ಮಸಿಕುಡಿಕೆ:

ಅವಳಿಗೆ ಫೋನ್ ಮಾಡಿದ್ದು ಒಳ್ಳೆಯದಾಯಿತು. ನಾನು ಅಡುಗೆಯವರ ಹತ್ತಿರ ಕ್ಷಮೆ ಕೇಳಿದ್ದು ಪರೀಕ್ಷೆ ಮುಗಿದು ಹಾಸ್ಟೆಲ್ ಬಿಡುವ ದಿನ. ಅಷ್ಟು ತಡ ಮಾಡಬಾರದಿತ್ತು.

ಸ್ಟೆನ್ಸಿಲ್ ಬೇಕಾಗಿಲ್ಲ. ಸ್ಟೇಷನರಿ ಅಂಗಡಿಯಲ್ಲಿ ಉದ್ದ ಹಿಡಿಯ ಒಂದು ನಿಬ್ ಪೆನ್ನು, ಒಂದು ಸಣ್ಣ ಬಾಟಲಿ ಕಪ್ಪು ಇಂಕು ತನ್ನಿ. ಪೆನ್ಸಿಲ್ ಇಲ್ಲದೆ, ನೇರ ಇಂಕಿನಲ್ಲೇ, ದಿನಕ್ಕೊಂದು ಹಾಳೆಯಂತೆ ಬೆಕ್ಕನ್ನು ಬರೆಯಿರಿ. ಮಲಗಿದ ಬೆಕ್ಕು ಸಾಕು. ಗೆರೆ ತಪ್ಪಿದರೆ ಪಕ್ಕದಲ್ಲಿ ಇನ್ನೊಂದು ಬರೆಯಿರಿ, ಹಾಳೆ ಹರಿಯಬೇಡಿ. ಟ್ಯಾಬ್‌ನಲ್ಲೂ ಒಂದು ಕಟ್ಟು ಹಾಕಿಕೊಳ್ಳಬಹುದು. ವಾರಕ್ಕೊಂದು ಸ್ಟ್ರಿಪ್ ಒಂದೇ ಲೇಯರ್‌ನಲ್ಲಿ, ಅನ್‌ಡೂ ಮುಟ್ಟದೆ.

ಐದು ಗೆರೆಯ ಬೆಕ್ಕು ಅಂದಿರಲ್ಲ, ಆ ಒಂಬತ್ತನೆಯದನ್ನು ಸ್ಕ್ಯಾನ್ ಆದ ಮೇಲೆ ಇಲ್ಲಿ ಹಾಕಿ. ನೋಡಬೇಕು.